ಕಾರ್ಯದರ್ಶಿಗಳ ಜೇಬಿನ ಕೆಂಪು ಚುಕ್ಕಿ

ಮಾನ್ಯ ಶಾಲಾ ಕಾರ್ಯದರ್ಶಿಗಳೇ,

ಮನೆಯಲ್ಲಿ ಮೈಗೆ ಒಳ್ಳೆಯದಾದ ವಸ್ತುವಿಗೆ ಹಸಿರು ಚುಕ್ಕಿ, ಕೆಟ್ಟದ್ದಕ್ಕೆ ಕೆಂಪು ಚುಕ್ಕಿ ಅಂಟಿಸಿ ಬನ್ನಿ ಎಂದು ಮಕ್ಕಳಿಗೆ ಹೋಂವರ್ಕ್ ಕೊಟ್ಟವಳು ನಾನೇ. ನಿಮ್ಮ ಮಗಳು ಹಾಲಿನ ಪಾತ್ರೆಗೆ ಹಸಿರು, ಫಿನಾಯಿಲ್ ಸೀಸೆಗೆ ಕೆಂಪು ಹಚ್ಚಿ, ಉಳಿದ ಕೆಂಪನ್ನು ನಿಮ್ಮ ಸಿಗರೇಟಿನ ಜೇಬಿಗೆ ಅಂಟಿಸಿದ್ದಾಳೆ. ನೀವು ಅದನ್ನು ಗಮನಿಸದೆ ಆಡಳಿತ ಸಭೆಗೆ ಬಂದಿರಿ; ಚುಕ್ಕಿಯ ಅರ್ಥ ಗೊತ್ತಿದ್ದ ಸಭೆ ಬಿದ್ದು ಬಿದ್ದು ನಕ್ಕಿತು.

ಕ್ಷಮಾಪಣೆ ಬರೆದುಕೊಡಿ, ಇಲ್ಲವೇ ಕೆಲಸ ಬಿಡಿ ಎಂದಿದ್ದೀರಿ. ಎರಡನ್ನೂ ಮಾಡುವುದಿಲ್ಲ. ನಾನು ಕೊಟ್ಟದ್ದು ಚುಕ್ಕಿ ಮಾತ್ರ. ಮುಖ ಕೆಂಪಾದದ್ದು ನಿಮ್ಮ ಸ್ವಂತ ಸಂಪಾದನೆ.

ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಆದರೂ ಹುಡುಗಿ ನಗಲಿಲ್ಲ. "ಟೀಚರ್, ಅಪ್ಪ ರಾತ್ರಿಯೆಲ್ಲಾ ಕೆಮ್ತಾರೆ. ಎಷ್ಟು ಹಸಿರು ಹಚ್ಚಿದ್ರೆ ನಿಲ್ಲುತ್ತೆ?" ಎಂದಳು.

ಉತ್ತರವನ್ನು ದಯವಿಟ್ಟು ನೀವೇ ಹೇಳಿಕೊಡಿ.

ಕೆಲಸ ಬಿಡದ,
ಒಂದನೇ ತರಗತಿಯ ಟೀಚರು