ನಿಮ್ಮಮ್ಮ ಕಟ್ಟಿದ ಸೂಟ್‌ಕೇಸು

ಮನೆಯಿಂದ,
ತಾರೀಖು ಹದಿನಾಲ್ಕು, ಬುಧವಾರ ಬೆಳಿಗ್ಗೆ

ಪ್ರೀತಿಯ ಕಡ್ಡೀ,

ಒಂದು ಮಗುವಿನ ತಾಯಿಯನ್ನು ಇನ್ನೂ ಕಡ್ಡಿ ಎಂದು ಕರೆಯಬಹುದೋ ಇಲ್ಲವೋ ತಿಳಿಯದು. ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ, ಸಹಿಸಿಕೋ. ಹೇಗಿದ್ದೀಯ? ಹೊಲಿಗೆ ಹಾಕಿದ ಜಾಗ ಒಣಗಿತೇ? ಕೂತು ಏಳುವಾಗ ಸೊಂಟ ಹಿಡಿಯುತ್ತದೆ ಎಂದಿದ್ದೆ, ಈಗ ವಾಸಿಯೇ? ಮಗು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ನಿಮ್ಮನ್ನು ಕುಣಿಸುತ್ತದೆ ಎಂದು ಅಳಿಯಂದಿರು ಹೇಳಿದರು. ನೀನೂ ಹಾಗೇ ಇದ್ದೆ, ಈಗ ಗೊತ್ತಾಗಲಿ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿಕೊಳ್ಳುತ್ತೇನೆ, ಉಪ್ಪು ಮಾತ್ರ ಒಂದು ದಿನ ಜಾಸ್ತಿ, ಒಂದು ದಿನ ಇರುವುದೇ ಇಲ್ಲ. ಕಣ್ಣು ಮೊದಲಿನ ಹಾಗೇ ಇದೆ. ಹಗಲು ಸೂಜಿಗೆ ದಾರ ಪೋಣಿಸುತ್ತೇನೆ, ದೀಪ ಆರಿದರೆ ಗೋಡೆ ಯಾವುದು ಬಾಗಿಲು ಯಾವುದು ತಿಳಿಯುವುದಿಲ್ಲ. ಈ ಕಾಗದದ ಅಳತೆ ನೋಡಿ ನಗಬೇಡ. ನನ್ನ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕದ ಅಂಚು ಕತ್ತರಿಸಿದ ಮೇಲೆ ಉಳಿದ ಪಟ್ಟಿಗಳು, ಎಸೆಯಲು ಮನಸ್ಸಾಗಲಿಲ್ಲ.

ಕಡ್ಡೀ, ಶನಿವಾರ ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು. ನನ್ನ ಕಾಗದಪತ್ರಗಳಲ್ಲಿ ಏನೂ ತೊಂದರೆ ಇರಲಿಲ್ಲ. ಅಳಿಯಂದಿರು ಅಲ್ಲಿಯ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಾದು ಒಬ್ಬರೇ ಹಿಂದಿರುಗಿದ್ದಕ್ಕೆ ಕಾರಣ ನಾನು. ಫೋನು ಹಿಡಿದರೆ ನಾಲಿಗೆ ಏಳುವುದಿಲ್ಲ. ಡೈರಿಯಲ್ಲಿ ಬರೆದು ಬರೆದು ಅಭ್ಯಾಸವಾಗಿದೆಯಲ್ಲ, ನಿನಗೂ ಬರೆದೇ ಹೇಳುತ್ತೇನೆ.

ನಿಮ್ಮಮ್ಮ ಆ ನೀಲಿ ಸೂಟ್‌ಕೇಸನ್ನು ಪ್ರಯಾಣಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಕಟ್ಟಿಬಿಟ್ಟಿದ್ದಳು. "ಏನೇ, ಪೈಲಟ್‌ಗಿಂತ ಮೊದ್ಲೇ ಹೋಗಿ ಕೂತ್ಕೋತೀಯಾ?" ಎಂದು ರೇಗಿಸಿದೆ. ಅವಳು ತಲೆ ಎತ್ತದೆ, "ನಿಮ್ಮ ಕೈಗೆ ಬಿಟ್ರೆ ಅಂಟು ಹಚ್ಚಿ ಹೊಲಿದು ತರ್ತೀರಿ, ಸುಮ್ನೆ ಆಚೆ ಕೂತ್ಕೊಳ್ಳಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಗಾಜಿನ ಸಾಮಾನಿನ ಗೋದಾಮಿನಲ್ಲಿ ಇಪ್ಪತ್ತೆಂಟು ವರ್ಷ ಪ್ಯಾಕಿಂಗ್ ಮಾಡಿದವಳು ಅವಳು. ಲೋಟದ ಹೊಟ್ಟೆಗೆ ಕಾಗದ, ಜಗ್ಗಿನ ಹೊಟ್ಟೆಗೆ ಲೋಟ. "ಬಿದ್ದಿದ್ದಕ್ಕೆ ಒಡೆಯಲ್ಲ ಕಣ್ರೀ, ಒಳಗೆ ಟೊಳ್ಳು ಬಿಟ್ಟಿದ್ದಕ್ಕೆ ಒಡೆಯುತ್ತೆ" ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳಿಕೊಡುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಮನೆಯಲ್ಲಿ ಬಟ್ಟೆಯನ್ನೂ ಹಾಗೇ ಜೋಡಿಸುವಳು. ಮುಚ್ಚಳದ ಮೇಲೆ ಮೊಣಕಾಲು ಊರಿ, ಜಿಪ್ಪು ಎಳೆದು, ಎತ್ತಿ ಅಲುಗಾಡಿಸಿ ಕಿವಿಗೊಟ್ಟು ಕೇಳುವಳು. ಸದ್ದು ಬಂದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಅವತ್ತು ಎತ್ತಲು ಅವಳಿಂದ ಆಗಲಿಲ್ಲ. ನನ್ನ ಕೈಯಲ್ಲಿ ಎತ್ತಿಸಿ ತಾನು ಕಿವಿಯಿಟ್ಟಳು. "ಹ್ಞೂಂ, ಸದ್ದಿಲ್ಲ. ಇನ್ನು ಇದನ್ನ ಮುಟ್ಟಬೇಡಿ, ಮಗಳ ಮನೆಗೆ ಹೋದ್ಮೇಲೆ ತೆಗೆದ್ರೆ ಸಾಕು" ಎಂದಳು. ಅದಾಗಿ ಹನ್ನೊಂದು ದಿನಕ್ಕೆ ಅವಳೇ ಇಲ್ಲವಾದಳು.

ನೀನು ತುಂಬಿದ ಬಸಿರು ಹೊತ್ತು ಬರಲಾಗದೆ ಅಲ್ಲೇ ಕೂತು ಅತ್ತದ್ದು ನನಗೆ ಗೊತ್ತು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಂದಿದ್ದರೂ ನೀನು ನೋಡುತ್ತಿದ್ದದ್ದು ನಿನ್ನ ಅಮ್ಮನನ್ನಲ್ಲ. ಆಮೇಲೆ ಮನೆಯಲ್ಲಿ ಅವಳ ಕೈಯ ಗುರುತು ದಿನಕ್ಕೊಂದರಂತೆ ಅಳಿಸುತ್ತ ಹೋಯಿತು. ಅಡುಗೆಮನೆಯ ಡಬ್ಬಿಗಳ ಸಾಲನ್ನು ನಾನೇ ಕೆಡಿಸಿದೆ. ಅವಳು ಒಗೆದು ಮಡಚಿಟ್ಟಿದ್ದ ಹೊದಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ನನ್ನ ಮಡಿಕೆ ನಿನಗೆ ಗೊತ್ತೇ ಇದೆಯಲ್ಲ, ಪುಸ್ತಕ ಬಿಟ್ಟು ಬೇರೇನನ್ನೂ ನೆಟ್ಟಗೆ ಮಡಿಸಲಾರೆ. ಅವಳ ಬೀರುವನ್ನು ಇನ್ನೂ ತೆರೆದಿಲ್ಲ. ಅವಳು ಇಟ್ಟದ್ದು ಇಟ್ಟ ಹಾಗೇ ಉಳಿದದ್ದು ಆ ಸೂಟ್‌ಕೇಸು ಒಂದೇ. "ಇಬ್ಬರಿಗೂ ಸೇರಿ ಒಂದೇ ಸಾಕು" ಎಂದಿದ್ದಳಲ್ಲ, ಅದರೊಳಗೆ ಅವಳ ಬಟ್ಟೆಯೂ ನನ್ನ ಬಟ್ಟೆಯೂ ಒತ್ತಿಕೊಂಡು ಕೂತಿವೆ ಎಂದು ನೆನೆದುಕೊಂಡೇ ದಿನ ಕಳೆದೆ. ನಿನ್ನ ಮನೆಯಲ್ಲಿ, ನೀನೂ ನಾನೂ ನೆಲದ ಮೇಲೆ ಕೂತು ತೆರೆಯಬೇಕು ಎಂದುಕೊಂಡಿದ್ದೆ.

ಅಳಿಯಂದಿರು ಕಳಿಸಿದ ನಿಯಮಗಳ ಪಟ್ಟಿಯನ್ನು ಓದದೆ ಇರಲಿಲ್ಲ. ಈಗ ತಪಾಸಣೆ ಬಹಳ ಬಿಗಿಯಾಗಿದೆ ಎಂದು ಅವರು ಕೆಂಪು ಗೆರೆ ಬೇರೆ ಎಳೆದಿದ್ದರು. ಕೈಚೀಲಕ್ಕೆ ಸಣ್ಣ ಟೂತ್‌ಪೇಸ್ಟ್ ತಂದೆ. ದಬ್ಬಳ, ಕತ್ತರಿ ಎಲ್ಲ ಮನೆಯಲ್ಲೇ ಬಿಟ್ಟೆ. ಕಣ್ಣಿನ ಹನಿಯನ್ನು ಡಾಕ್ಟರ ಚೀಟಿಯ ಸಮೇತ ಪಾರದರ್ಶಕ ಚೀಲದಲ್ಲಿಟ್ಟೆ. ಮಗುವಿಗೆಂದು ಒಂದು ಪುಟ್ಟ ಪುಸ್ತಕ ಹೊಲಿದಿದ್ದೇನೆ, ಎಲ್ಲ ಖಾಲಿ ಹಾಳೆ, ಹರಿಯಲಿ ಎಂದೇ ಮಾಡಿದ್ದು, ಅದನ್ನೂ ಇಟ್ಟುಕೊಂಡೆ. ಪಟ್ಟಿಯ ಕೊನೆಯಲ್ಲಿ, ಸಾಮಾನನ್ನು ಪ್ರಯಾಣಿಕರು ತಾವೇ ಕಟ್ಟಿರಬೇಕು ಎಂದಿತ್ತು. ಅದನ್ನು ಓದಿದೆ, ಓದಿ ಪುಟ ತಿರುಗಿಸಿದೆ.

ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಯಂತ್ರದೊಳಗೆ ಹೋಗಿ ಅರ್ಧಕ್ಕೇ ನಿಂತಿತು. ನನ್ನನ್ನು ಪಕ್ಕದ ಮೇಜಿಗೆ ಕರೆದರು. ತಪಾಸಣೆಯ ಹುಡುಗಿ ನಿನ್ನ ವಯಸ್ಸಿನವಳು, ಮುಖದಲ್ಲಿ ನಿದ್ದೆಯಿಲ್ಲದ ಆಯಾಸ. "ಅಜ್ಜಾ, ಇದನ್ನ ಯಾರು ಕಟ್ಟಿದ್ದು?" ಎಂದಳು. ನಾನೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. "ನನ್ನ ಹೆಂಡತಿ" ಎಂದೆ. "ಅವರನ್ನ ಕರೀರಿ." "ಅವಳು ಬರೋ ಹಾಗಿಲ್ಲಮ್ಮ." "ಮಧ್ಯದಲ್ಲಿ ಬ್ಯಾಟರಿ ಇರೋದೇನೋ ಕಾಣಿಸ್ತಿದೆ, ಏನದು?" "ಗೊತ್ತಿಲ್ಲ." ನನ್ನ ಹಿಂದೆ ಸಾಲಿನಲ್ಲಿದ್ದ ಒಬ್ಬ, "ಒಳಗೇನಿದೆ ಅಂತ ಗೊತ್ತಿಲ್ಲದೆ ಹೊರಟುಬಿಟ್ಟಿದಾರಲ್ಲಪ್ಪ ತಾತ, ಅವರ ಜೊತೆ ನಾವೂ ಹಾರಬೇಕಾ?" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಹುಡುಗಿ ಜಿಪ್ಪಿಗೆ ಕೈ ಹಾಕಿದಳು. ನಾನು ಮುಚ್ಚಳದ ಮೇಲೆ ಎರಡೂ ಅಂಗೈ ಊರಿದೆ, ಬೇಕೆಂದು ಮಾಡಿದ್ದಲ್ಲ ಕಡ್ಡೀ, ಕೈ ತಾನಾಗಿ ಹೋಯಿತು. ಅವಳು ಕೂಗಾಡಲಿಲ್ಲ. ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟು, "ಆಯ್ತಜ್ಜ, ನಾನು ಮುಟ್ಟಲ್ಲ, ನೀವೇ ನಿಧಾನಕ್ಕೆ ತೆಗೀರಿ. ಆ ಒಂದು ವಸ್ತು ಆಚೆ ಬಂದ್ರೆ ಸಾಕು" ಎಂದಳು. ಅಷ್ಟು ಒಳ್ಳೆಯ ಮಾತಿಗೂ ನನ್ನ ಕೈ ಏಳಲಿಲ್ಲ. ಆ ಸ್ಟೀಲ್ ಮೇಜಿನ ಮೇಲೆ, ಅಷ್ಟು ಜನರ ಎದುರಿಗೆ, ನಿಮ್ಮಮ್ಮ ಕಟ್ಟಿದ್ದನ್ನು ಹರಡಲು ಆಗಲಿಲ್ಲ. ಕೊನೆಗೆ, "ಬೇಡಮ್ಮ, ನಾನು ಮನೆಗೆ ಹೋಗ್ತೀನಿ" ಎಂದೆ.

ಸೂಟ್‌ಕೇಸು ಎಳೆದುಕೊಂಡು ಬಂದದ್ದನ್ನು ಪಕ್ಕದ ಮನೆಯ ವಾಚು ರಿಪೇರಿಯವನು ನೋಡಿದ. "ಏನ್ ಯಜಮಾನ್ರೇ, ವಿಮಾನ ಹಿಂದಕ್ಕೇ ಹಾರ್ತಾ?" ಎಂದ. ನನ್ನ ಮುಖ ನೋಡಿ ಸೂಟ್‌ಕೇಸನ್ನು ಮೇಲಕ್ಕೆ ಹೊತ್ತುಕೊಟ್ಟು ಹೋದ.

ನಾಲ್ಕು ದಿನದಿಂದ ಅದು ಮಂಚದ ಪಕ್ಕದಲ್ಲಿದೆ. ಅಲ್ಲಿ ನಿನಗೆ ಮಗುವನ್ನು ಎತ್ತಿಕೊಳ್ಳಲು ಇನ್ನೆರಡು ಕೈ ಬೇಕಾಗಿತ್ತು, ನಾನು ಇಲ್ಲಿ ಒಂದು ಸೂಟ್‌ಕೇಸನ್ನು ತಬ್ಬಿಕೊಂಡು ಕೂತೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಈ ಕಾಗದ ಮುಗಿಸಿ ಅದನ್ನು ತೆರೆಯುತ್ತೇನೆ. ಬಟ್ಟೆಗಾಗಿ ಬದುಕಿರುವವರನ್ನು ಕಾಯಿಸಿದರೆ ನಿಮ್ಮಮ್ಮನೂ ಒಪ್ಪುವುದಿಲ್ಲ.

ಬಿಸಿನೀರು ಕುಡಿ, ಬೆನ್ನಿಗೆ ದಿಂಬು ಕೊಟ್ಟು ಕೂತು ಹಾಲು ಕುಡಿಸು. ಅಳಿಯಂದಿರಿಗೆ ನನ್ನ ಕ್ಷಮೆ ಕೋರಿಕೆ ತಿಳಿಸು. ನೀನು, ಮಗು, ಅವರು ಮೂವರೂ ನೂರು ಕಾಲ ನಗುನಗುತ್ತಾ ಬಾಳಿ. ಮಗುವಿನ ಹಣೆಗೆ ನನ್ನದೊಂದು ಮುತ್ತು.

ನಿನ್ನ ಪೆದ್ದು
ಅಪ್ಪ

ತಾ.ಕ. ಮಡಿಸಿಟ್ಟ ಕಾಗದವನ್ನು ಬಿಡಿಸಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬಿಡಿಸಿಕೊಂಡು ಓದು. ಸೂಟ್‌ಕೇಸು ತೆರೆದೆ. ಅಮ್ಮನ ಬಟ್ಟೆ ಒಂದೂ ಇಲ್ಲ ಕಡ್ಡೀ. ಎಲ್ಲ ನನ್ನದು, ಮಗುವಿನದು. ನನ್ನ ಬೂಟಿನ ಹೊಟ್ಟೆಗೆ ಮಗುವಿನ ಕಾಲುಚೀಲ, ಮಗುವಿನ ಟೋಪಿಯೊಳಗೆ ನನ್ನ ಕರವಸ್ತ್ರ. ನಟ್ಟನಡುವೆ, ನನ್ನ ಮಫ್ಲರಿನಲ್ಲಿ ಸುತ್ತಿದ ಹೊಸ ಟಾರ್ಚು, ಚಾರ್ಜು ಮಾಡುವಂಥದ್ದು. ಯಂತ್ರಕ್ಕೆ ಕಂಡದ್ದು ಅದೇ. ಮೂವತ್ತು ವರ್ಷ ಕತ್ತಲಲ್ಲಿ ನನ್ನ ಕೈಹಿಡಿದು ಬಚ್ಚಲಿಗೆ ಕರೆದೊಯ್ದವಳು, ಜೊತೆಗೆ ಬರುವವಳಾಗಿದ್ದರೆ, ಟಾರ್ಚು ಯಾಕೆ ಕೊಂಡಳು? ಹೋಗಿ ಬೀರು ತೆರೆದೆ. ಅವಳದೆಲ್ಲ ಅಲ್ಲೇ ಇದೆ. ಅಲ್ಲಿಯ ಚಳಿಗೆಂದು ನೀನು ಕಳಿಸಿದ್ದ ಬೂದು ಸ್ವೆಟರು ಮಡಿಕೆ ಬಿಚ್ಚದೆ ಇದೆ. ಮಂಡಿನೋವು ಎಂದು ಎರಡು ಸಲ ಒಬ್ಬಳೇ ಆಸ್ಪತ್ರೆಗೆ ಹೋಗಿಬಂದಿದ್ದಳು, ನಾನು ನಂಬಿದ್ದೆ. ಬಾಗಿಲು ಹಾಕಿಕೊಂಡು ನಿನ್ನ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು, ಹೆರಿಗೆಯ ಮಾತು ಎಂದುಕೊಂಡಿದ್ದೆ. ತನ್ನ ಕಾಯಿಲೆಯನ್ನು ನಿನಗೆ ಹೇಳಿದ್ದಳೇ? ಫೋನು ಮಾಡಬೇಡ. ಇಪ್ಪತ್ತೆಂಟನೇ ತಾರೀಖಿನ ವಿಮಾನಕ್ಕೆ ಟಿಕೆಟ್ ಮಾಡಿಸು ಎಂದು ವಾಚಿನವನಿಗೆ ಹೇಳುತ್ತಿದ್ದೇನೆ, ಎದುರಿಗೆ ಕೂತು ಹೇಳು. ಗೊತ್ತಿತ್ತು ಎಂದರೂ ಕೋಪ ಮಾಡುವುದಿಲ್ಲ, ಅಷ್ಟು ದಿನ ಅವಳು ಒಬ್ಬಳೇ ಇರಲಿಲ್ಲ ಎಂದುಕೊಳ್ಳುತ್ತೇನೆ. ಎಲ್ಲ ಬಿಚ್ಚಿದ್ದನ್ನು ನಾನೇ ಮತ್ತೆ ಕಟ್ಟಿದೆ. ಟಾರ್ಚನ್ನು ಕೈಚೀಲಕ್ಕೆ ಹಾಕಿಕೊಂಡು, ಅದಿದ್ದ ಜಾಗಕ್ಕೆ ಬೂದು ಸ್ವೆಟರನ್ನು ತುರುಕಿದೆ. ಯಾರು ಕಟ್ಟಿದ್ದು ಎಂದು ಕೇಳಿದರೆ ಈ ಸಲ ನಾನೇ ಎನ್ನಬಹುದು. ಆದರೆ ಎತ್ತಿ ಅಲುಗಾಡಿಸಿದರೆ ಒಳಗೆ ಎಲ್ಲೋ ಸಣ್ಣಗೆ ಸದ್ದಾಗುತ್ತದೆ. ಮೂರು ಸಲ ಬಿಚ್ಚಿ ಕಟ್ಟಿದೆ, ಹೋಗಲಿಲ್ಲ.