ಬಾರದ ಕರೆಂಟು ಬಳಸಲಿಲ್ಲವೆಂದು ಬೀಗ ಬಿದ್ದ ಕಿತ್ತಳೆ ಘಟಕದ ಕುರಿತು

ಮಂಗಳೂರು, ಮೇ 1984

ಬೆಟ್ಟದ ಜಿಲ್ಲೆಯ ಕೈಗಾರಿಕಾ ಅಧಿಕಾರಿಗಳೇ,

ನೀವು ಕರೆದಿರೆಂದು ನಾವು ಘಟ್ಟ ಹತ್ತಿದೆವು. ನೀವು ತೋರಿಸಿದ ಜಾಗದಲ್ಲೇ ಹಣ್ಣಿನ ರಸದ ಘಟಕ ಕಟ್ಟಿದೆವು. ಇಂದು ಅದರ ಬಾಗಿಲಿಗೆ ನಿಮ್ಮದೇ ಇಲಾಖೆಯ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ನಾವು ಮಾಡಿದ ಅಪರಾಧವೆಂದರೆ, ನೀವು ಕೊಡದೇ ಇದ್ದ ವಿದ್ಯುತ್ತನ್ನು ನಾವು ಬಳಸಲಿಲ್ಲ. ನಿಮಗೆ ಖಾಸಗಿಯಾಗಿ ಬರೆದು ಉತ್ತರ ಕಾಣದೆ ಸೋತಿದ್ದೇನೆ. ಆದ್ದರಿಂದ ಈ ಸಲ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಹಂಪನಕಟ್ಟೆಯಲ್ಲಿ ಜ್ಯೂಸು, ಐಸ್‌ಕ್ರೀಮಿನ ಅಂಗಡಿ ನಡೆಸುವವಳು. ಭೂಮಸೂದೆಯಲ್ಲಿ ನಮ್ಮ ಮನೆಯ ಗದ್ದೆಗಳು ಒಕ್ಕಲುಗಳಿಗೆ ಹೋದವು. ಉಳುವವರಿಗೆ ಹೋದದ್ದು ನ್ಯಾಯವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೂ ಮಣ್ಣಿನ ಆಸೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ನೋಡಿ. ಇಲ್ಲಿಯ ಲಾಡ್ಜೊಂದರ ಸಭಾಂಗಣದಲ್ಲಿ ನೀವು ವ್ಯಾಪಾರಸ್ಥರ ಸಭೆ ಕರೆದಾಗ ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. "ಕರಾವಳಿಯವರು ಬೊಂಬಾಯಿಗೆ ಹೋಗಿ ಹೋಟೆಲು ಕಟ್ಟುತ್ತೀರಿ. ಪಕ್ಕದ ಬೆಟ್ಟ ನಿಮ್ಮ ಕಣ್ಣಿಗೆ ಬೀಳುವುದಿಲ್ಲವೇ? ಒಮ್ಮೆ ಬಂದು ನೋಡಿ, ಉಳಿದದ್ದು ನಮಗೆ ಬಿಡಿ," ಎಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.

ಬಂದು ನೋಡಿದೆವು. ನನ್ನೊಡನೆ ಉಸ್ಮಾನ್ ಇದ್ದರು. ಕುವೈತಿನ ಕೆಲಸ ಬಿಟ್ಟು ಬಂದು ಇಲ್ಲಿ ಹಣ್ಣಿನ ಸಗಟು ವ್ಯಾಪಾರ ಮಾಡುವವರು, ನನ್ನ ಅಂಗಡಿಗೆ ಹಣ್ಣು ಕೊಡುವವರು. ನಿಮ್ಮ ಅತಿಥಿಗೃಹದ ಜಗಲಿಯಲ್ಲಿ ಕೂರಿಸಿ, ಜೇನು ಸವಿಯಲು ಕೊಟ್ಟು, ದೂರದ ಕಣಿವೆ ತೋರಿಸಿದಿರಿ. ಆ ಕಣಿವೆಯಲ್ಲಿ ಹಳ್ಳದ ಆಚೆಗೆ ವಾಲ್ಟರ್ ಎಂಬವರ ಕಿತ್ತಳೆ ತೋಟ. ಅವರ ಅಜ್ಜನ ಕಾಲದಲ್ಲಿ ಮಂಗಳೂರಿನಿಂದ ಘಟ್ಟ ಹತ್ತಿದ ಕುಟುಂಬ. ಮಳೆಗಾಲದ ಕಿತ್ತಳೆ ಹುಳಿ, ನೀರು ಜಾಸ್ತಿ, ಪೇಟೆ ಮುಟ್ಟುವುದರೊಳಗೆ ಕೊಳೆಯುತ್ತದೆ. ಕೊಳ್ಳುವವರಿಲ್ಲದೆ ಅಲ್ಲಿಯ ರೈತರು ಕಿತ್ತಳೆ ಮರ ಕಡಿದು ಬರೀ ಕಾಫಿ ಹಾಕಲು ಹೊರಟಿದ್ದರು. ಅಲ್ಲೇ ರಸ ತೆಗೆದರೆ ಆ ಹಣ್ಣಿಗೂ ಬೆಲೆ ಬರುತ್ತದೆ ಎಂದು ನೀವೇ ಹೇಳಿದಿರಿ. ಮಾತು ಸರಿಯಾಗಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಮಳೆಗೆ ಮುಂಚೆ ಹಳ್ಳಕ್ಕೆ ಸೇತುವೆ, ಘಟಕಕ್ಕೆ ವಿದ್ಯುತ್ ಎಂದೂ ಅದೇ ಉಸಿರಿನಲ್ಲಿ ಹೇಳಿದಿರಿ. ವಾಲ್ಟರ್ ಮನೆಮನೆಗೆ ಹೋಗಿ, "ಒಂದು ಫಸಲು ಕಾಯಿರಿ, ಮರ ಕಡಿಯಬೇಡಿ," ಎಂದು ನೆರೆಯವರನ್ನು ಒಪ್ಪಿಸಿದರು.

ಹಳ್ಳದ ಆಚೆ ಘಟಕ ಎದ್ದಿತು. ಸೇತುವೆಗೆ ಶಿಲಾನ್ಯಾಸವಾಯಿತು, ಹಾರ ಬಿತ್ತು, ಭಾಷಣವಾಯಿತು. ಆಮೇಲೆ ಆ ಕಲ್ಲಿನ ಮೇಲೆ ಪಾಚಿ ಬೆಳೆಯಿತು. ಲೈಟುಕಂಬಗಳು ಸಾಲಾಗಿ ಬಂದು ನಿಮ್ಮ ಅತಿಥಿಗೃಹದ ಗೇಟಿನಲ್ಲಿ ನಿಂತವು. ಕಂಬಗಳಿಗೂ ಪ್ರವಾಸಿಗಳ ಹಾಗೆ ಅಲ್ಲಿಯ ನೋಟ ಹಿಡಿಸಿತೇ?

ಕಳೆದ ವರ್ಷದ ಮಳೆ ಹಿಡಿಯಿತು, ಹಣ್ಣು ಬಂತು. ನಾನು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಉಸ್ಮಾನ್ ಹೇಳಿದರು, "ಕುಶಲಕ್ಕ, ಕರೆಂಟು ಬಾರದಿದ್ರೆ ಎಂತ? ಬಂದರಿನಲ್ಲಿ ಹಳೆ ಬೋಟಿನ ಇಂಜಿನ್ ಉಂಟಲ್ಲ!"

"ಮೀನಿನ ಬೋಟಿನ ಇಂಜಿನಿನಲ್ಲಿ ಕಿತ್ತಳೆ ರಸವಾ?"

"ಇಂಜಿನಿಗೆ ಎಂತ ಗೊತ್ತು ಅಕ್ಕ, ಮೀನೋ ಕಿತ್ತಳೆಯೋ ಅಂತ!"

ಇಂಜಿನನ್ನು ಲಾರಿಯಲ್ಲಿ ಹಳ್ಳದವರೆಗೆ ತಂದು, ಬಿಡಿಭಾಗ ಮಾಡಿ, ಹಳ್ಳಕ್ಕೆ ಅಡ್ಡ ಹಾಕಿದ ಅಡಕೆ ಮರದ ಸಂಕದ ಮೇಲೆ ಊರವರೇ ಹೊತ್ತು ದಾಟಿಸಿದರು. ಅದು ಗುಡುಗಿಕೊಂಡು ಶುರುವಾದಾಗ ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡು ನಕ್ಕರು. ಮೊದಲ ಲೋಟ ರಸವನ್ನು ವಾಲ್ಟರ್ ಕುಡಿಯಲಿಲ್ಲ, ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದರು. ನನ್ನ ಜೀವಮಾನದಲ್ಲಿ ಅಂಥ ಸಂತೋಷ ಕಂಡದ್ದು ಕಡಿಮೆ.

ಆ ಸಂತೋಷ ಹಳೆಯದಾಗುವ ಮೊದಲೇ ನಿಮ್ಮ ಜೀಪು ಬಂತು. ನೀವು ಹಳ್ಳದ ಈಚೆ ಜೀಪಿನಲ್ಲೇ ಕುಳಿತಿರಿ. ನಿಮ್ಮ ಸಿಬ್ಬಂದಿ ತುಂಬಿದ ಹಳ್ಳ ನೋಡಿ ಹೆದರಿದಾಗ, ಒಬ್ಬೊಬ್ಬರನ್ನೇ ಕೈಹಿಡಿದು ಸಂಕ ದಾಟಿಸಿದವರು ವಾಲ್ಟರ್. ಅವರು ಬಂದದ್ದು ಬೀಗ ಹಾಕಲಿಕ್ಕೆ ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಮರುದಿನ ನಿಮ್ಮ ಕಚೇರಿಗೆ ಬಂದೆ. "ಅನುಮತಿ ಇರುವುದು ವಿದ್ಯುತ್ ಚಾಲಿತ ಘಟಕಕ್ಕೆ. ನೀವು ಡೀಸೆಲ್ ಇಂಜಿನ್ ಇಟ್ಟಿದ್ದೀರಿ, ಇದು ನಿಯಮದ ಉಲ್ಲಂಘನೆ," ಎಂದಿರಿ.

"ವಿದ್ಯುತ್ ಎಲ್ಲಿ ಸಾರ್?"

"ಅದು ಬೇರೆ ಇಲಾಖೆ."

"ಸೇತುವೆ?"

"ಅದೂ ಬೇರೆ ಇಲಾಖೆ."

ಹಾಗಾದರೆ ಸಭೆಯಲ್ಲಿ "ಉಳಿದದ್ದು ನಮಗೆ ಬಿಡಿ" ಎಂದ ಇಲಾಖೆ ಯಾವುದು ಸ್ವಾಮಿ? ಬೀಗ ಮಾತ್ರ ಯಾವ ತಕರಾರೂ ಇಲ್ಲದೆ ನಿಮ್ಮ ಇಲಾಖೆಯದ್ದೇ ಆದದ್ದು ಹೇಗೆ?

ಘಟಕದ ಅಂಗಳದಲ್ಲಿ ರಾಶಿ ಹಾಕಿದ್ದ ಹಣ್ಣು ಕೊಳೆಯಿತು. ಆ ವಾಸನೆಗೆ ಜನ ಮೂಗು ಮುಚ್ಚಿಕೊಂಡು ಓಡಾಡಿದರು. ವಾಲ್ಟರ್ ಗುಂಡಿ ತೋಡಿ, ಹಣ್ಣು ಸುರಿದು, ಸುಣ್ಣ ಹಾಕಿ ಮುಚ್ಚಿದರು. ನಾನು ಹತ್ತಿರ ಹೋಗಿ, "ನನಗೆ ಬೈದುಬಿಡಿ ವಾಲ್ಟರ್," ಎಂದೆ. ಅವರು ಹಾರೆ ಒರಗಿಸಿಟ್ಟರು. "ನಿಮಗೆ ಬೈದು ಎಂತ ಮಾಡುವುದು ಅಕ್ಕ? ಇವರೆಲ್ಲ ಮರ ಉಳಿಸಿದ್ದು ನನ್ನ ಮಾತು ಕೇಳಿ. ಅವರಿಗೆ ನಾನು ಎಂತ ಹೇಳ್ಲಿ?" ಎಂದರು. ಅವರ ಪ್ರಶ್ನೆಗೆ ಉತ್ತರ ನಿಮ್ಮಲ್ಲಿ ಉಂಟಾ?

ಈ ಬೇಸಿಗೆಯಲ್ಲಿ ನೆರೆಯವರಲ್ಲಿ ಹೆಚ್ಚಿನವರು ಮರ ಕಡಿದರು. ಚರ್ಚಿನ ಬಾಗಿಲಲ್ಲಿ, ಚಾದಂಗಡಿಯಲ್ಲಿ ವಾಲ್ಟರರನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರು ಮಾತ್ರ ತಮ್ಮ ಮರಗಳನ್ನು ಮುಟ್ಟಿಲ್ಲ. ನಷ್ಟವನ್ನು ನಾನೂ ಉಸ್ಮಾನೂ ಹೇಗೋ ಇಲ್ಲಿಯ ವ್ಯಾಪಾರದಲ್ಲಿ ತುಂಬಿಕೊಂಡೇವು. ಆದರೆ ಊರಲ್ಲಿ ಒಬ್ಬ ಮನುಷ್ಯನ ಮಾತಿಗಿದ್ದ ಬೆಲೆಯನ್ನು ಯಾವ ಇಲಾಖೆ ತುಂಬಿಕೊಡುತ್ತದೆ?

ನನ್ನ ಬೇಡಿಕೆ ದೊಡ್ಡದಲ್ಲ. ಕರೆಂಟು ಬರುವವರೆಗೆ ಇಂಜಿನಿಗೆ ಅನುಮತಿ ಕೊಡಿ. ಹಳ್ಳದ ಆಚೆ ಹೋಗಿ, ಊರವರನ್ನು ಸೇರಿಸಿ, ತಪ್ಪು ವಾಲ್ಟರರದ್ದಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಮಳೆ ಹಿಡಿಯುವ ಮುಂಚೆ ಬೀಗ ತೆಗೆಯಿರಿ. ತೆಗೆಯದಿದ್ದರೆ ಮೊದಲ ಹಣ್ಣು ಕೊಯ್ದ ದಿನ ನಾನೂ ಉಸ್ಮಾನೂ ಹೋಗಿ ಅದನ್ನು ಒಡೆಯುತ್ತೇವೆ, ಹಾಡುಹಗಲಲ್ಲೇ. ಕೇಸು ಹಾಕಿ. ನ್ಯಾಯಾಧೀಶರ ಮುಂದಾದರೂ ನಮ್ಮಿಬ್ಬರನ್ನೂ ನಿಮ್ಮನ್ನೂ ಒಟ್ಟಿಗೆ ನಿಲ್ಲಿಸಿ, ಈ ಕರೆಂಟು ಯಾವ ಇಲಾಖೆಯದ್ದು ಎಂದು ಯಾರಾದರೂ ಕೇಳಲಿ.

ಇಂತಿ,
ಚಪ್ಪಾಳೆ ತಟ್ಟಿದ್ದಕ್ಕೆ ಇನ್ನೂ ನಾಚುತ್ತಿರುವ
ಕುಶಲಾ ಆಳ್ವ
ಹಂಪನಕಟ್ಟೆ, ಮಂಗಳೂರು