ಡ್ರಮ್ಮಿಗೆ ಜ್ವರ

ಕೆಳಮನೆಯ ಆಂಟಿಯವರಿಗೆ ನಮಸ್ಕಾರಗಳು.

ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗೊಬ್ಬರದ ಡ್ರಮ್ಮಿನ ವಾಸನೆ ತಾಳಲಾರದೆ ನೀವು ತಾರಸಿಗೆ ಬೀಗ ಹಾಕಿದ್ದು ಸರಿಯೇ.

ತರಕಾರಿ ಸಿಪ್ಪೆಯ ಜೊತೆ ಒಣ ಎಲೆ ಹಾಕಿ ಮುಚ್ಚಿಟ್ಟರೆ ವಾಸನೆ ಬರುವುದಿಲ್ಲ. ಆದರೆ ನಮ್ಮಜ್ಜಿ ದಿನಾ ಬೆಳಿಗ್ಗೆ ಅದಕ್ಕೆ ತಣ್ಣೀರು ಹುಯ್ಯುತ್ತಿದ್ದಳು, ಅದಕ್ಕೇ ಒದ್ದೆಯಾಗಿ ನಾರುತ್ತಿತ್ತು. ಯಾಕಜ್ಜಿ ಎಂದರೆ, "ಕೈಯಿಟ್ಟು ನೋಡೇ, ಒಳಗೆ ಹೇಗೆ ಸುಡ್ತಿದೆ! ಪಾಪ, ಜ್ವರ ಬಂದಿದೆ" ಎಂದಳು. ಸಿಪ್ಪೆ ಕೊಳೆಯುವಾಗ ಬಿಸಿಯಾಗುವುದು ಸಹಜ ಎಂದೆ. "ಕಥೆ ಪುಸ್ತಕ ಓದಿ ಡಿಗ್ರಿ ತಗೊಂಡೋಳು ಜ್ವರದ ವಿಷಯ ನನಗೆ ಹೇಳ್ತೀಯಾ?" ಎಂದು ಬಾಯಿ ಮುಚ್ಚಿಸಿದಳು.

ಅಜ್ಜ ಹೋದ ಮೇಲೆ ಅಜ್ಜಿ ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ, ಆಂಟಿ. ಡ್ರಮ್ ಬಂದ ಮೇಲೆ ತಾನಾಗಿಯೇ ಮೆಟ್ಟಿಲು ಹತ್ತತೊಡಗಿದಳು. ಬೀಗ ಬಿದ್ದಾಗಿನಿಂದ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು.

ನೀವು ಬೀಗ ತೆಗೆದರೆ ಒದ್ದೆಯಾದದ್ದನ್ನೆಲ್ಲ ಹರಡಿ ಒಣಗಿಸುತ್ತೇನೆ. ಡ್ರಮ್ಮನ್ನು ನಿಮ್ಮ ಕಿಟಕಿಯಿಂದ ದೂರದ ಮೂಲೆಗೆ ಸರಿಸುತ್ತೇನೆ. ನೀರು ಬೇಡ, ಒಣ ಎಲೆ ಹಾಕಿದರೇ ಜ್ವರ ಇಳಿಯುವುದು ಎಂದು ಅಜ್ಜಿಯನ್ನು ಒಪ್ಪಿಸಿದ್ದೇನೆ. ದಯವಿಟ್ಟು ನನ್ನ ಈ ಸುಳ್ಳನ್ನು ಬಿಟ್ಟುಕೊಡಬೇಡಿ.

ಇನ್ನೊಂದು ಮಾತು. ಬೀಗದ ಕೈಯನ್ನು ನನಗೆ ಕೊಡಬೇಡಿ. "ನಿನಗೆ ಮಾತಾಡೋಕೆ ಬರಲ್ಲ, ನಾನೇ ಕೇಳ್ತೀನಿ" ಎಂದು ಅಜ್ಜಿ ಈಗಷ್ಟೇ ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಅವಳು ಬಾಗಿಲು ತಟ್ಟುವ ಸದ್ದು ತೀರಾ ಮೆಲ್ಲಗಿರುತ್ತದೆ, ಸ್ವಲ್ಪ ಕಿವಿಗೊಟ್ಟಿರಿ.

ಇಂತಿ,
ಮೇಲ್ಮನೆಯ ಹುಡುಗಿ